ಅಂಟುವಾಳವೂ ಏಡಿಯ ಮೊಟ್ಟೆಗಳೂ

ಏಡಿ ಮಾತಾಡಿದ್ದನ್ನು ಕೇಳಿದವನು ಈ ಕರಾವಳಿಯಲ್ಲಿ ನಾನೊಬ್ಬನೇ. ಹಾಗಾಗಿ ನಾನೇ ಹೇಳಬೇಕು. ಹಡಗು ಚೆಲ್ಲಿದ ಕರಿ ಎಣ್ಣೆ ಮೊಟ್ಟೆ ಹೊತ್ತ ಏಡಿಯೊಂದರ ಹೊಟ್ಟೆಗೆ ಮೆತ್ತಿಕೊಂಡಿತ್ತು. ಒಳಗೆ ಮೊಟ್ಟೆಗಳಿಗೆ ಉಸಿರು ಕಟ್ಟುತ್ತಿತ್ತು.

“ಅಕ್ಕಾ, ನನ್ನ ಬಲ ನೋಡು” ಎಂದು ಅಲೆ ನೂರು ಸಲ ಅಪ್ಪಳಿಸಿತು. ಏಡಿ ಉರುಳಿತೇ ಹೊರತು ಎಣ್ಣೆ ಕದಲಲಿಲ್ಲ. “ನೀರಿಗೂ ನನಗೂ ಮಾತಿಲ್ಲ” ಎಂದು ಎಣ್ಣೆ ಇನ್ನೂ ಬಿಗಿಯಾಯಿತು.

ಆಗ ಹೊಳೆಯಲ್ಲಿ ತೇಲಿಬಂದ ಅಂಟುವಾಳದ ಕಾಯಿ, “ಎಣ್ಣೆಯಣ್ಣಾ, ನಾನು ಅರ್ಧ ನಿನ್ನ ಕಡೆಯವನು” ಎಂದು ನೊರೆ ಬಿಟ್ಟಿತು. ಒಂದು ಕೈಯಲ್ಲಿ ಎಣ್ಣೆಯನ್ನು ಹಿಡಿದು ಇನ್ನೊಂದನ್ನು ಅಲೆಗೆ ಕೊಟ್ಟಿತು. ಎಣ್ಣೆ ಹನಿಹನಿಯಾಗಿ ನೊರೆಯೊಳಗೆ ಜಾರಿತು.

ಏಡಿ ಕಣ್ಣು ನಿಗುರಿಸಿ, “ಹಾಗಾದರೆ ಉಳಿದರ್ಧ ಯಾರ ಕಡೆ?” ಎಂದಿತು.

“ನೀರಿನ ಕಡೆ.”

“ಅಬ್ಬಾ! ಆದರೆ ನಿನ್ನ ನೊರೆ ಮೊಟ್ಟೆಗಳಿಗೆ ಉರಿಯುತ್ತಿದೆ. ಇನ್ನು ನೀನೂ ಬಿಡಪ್ಪ.”

“ಎಲಾ ಇವಳ! ಬಿಡಿಸಿದವನನ್ನೇ ಓಡಿಸುತ್ತೀಯಾ?” ಎಂದು ಅಲೆ ರೇಗಿತು.

“ಸುಮ್ಮನಿರೋ, ಅವಳು ಹೇಳಿದ್ದು ಸರಿ. ಕೊಳೆಯನ್ನು ಹಿಡಿದವನು ಕೊಳೆಯ ಜೊತೆಗೇ ಹೊರಡಬೇಕು, ನಡಿ” ಎಂದಿತು ಕಾಯಿ.

ಅಲೆ ನೊರೆಯನ್ನು ಹೊತ್ತುಕೊಂಡು ಹೋಯಿತು. ಮರುವಾರ ಏಳು ಸಾವಿರ ಮರಿಗಳು ಹೊರಬಂದವು. ಎಣಿಸಿದವನು ನಾನೇ, ಅದೂ ಒಂದೇ ಉಸಿರಿನಲ್ಲಿ.