ಚಡಾವಿನೊಳಗಿನ ಕಲ್ಲು

ನಮ್ಮ ಮನೆತನ ಆರು ತಲೆಮಾರು ಗುಡ್ಡನಹಾಳು ದರಬಾರಿನಲ್ಲಿ ಕೆಲಸ ಮಾಡಿದೆ. ಅರಮನೆಯ ಒಂದು ಅಡಿಕೆ ಹೋಳನ್ನೂ ಯಾರೂ ಮನೆಗೆ ತಂದವರಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು, ತಪ್ಪು ಮಾಡಲು ಮನಸ್ಸು ಅಳುಕುವುದಕ್ಕೆ ಇಂಗ್ಲಿಷಿನಲ್ಲಿರುವ 'ಸ್ಕ್ರೂಪಲ್' ಎಂಬ ಪದ ಲ್ಯಾಟಿನ್ನಿನಲ್ಲಿ ಮೊದಲು ಚೂಪಾದ ಪುಟ್ಟ ಕಲ್ಲಿನ ಹೆಸರಾಗಿತ್ತು ಎಂದಾಗ ತರಗತಿಯೆಲ್ಲ ಬೆರಗಾಯಿತು. ನಾನು ಬೆರಗಾಗಲಿಲ್ಲ. ನಮ್ಮ ಹಿರಿಯರಾದ ಅಪ್ರಮೇಯಯ್ಯನವರು ಲ್ಯಾಟಿನ್ ಕಲಿಯದೆಯೇ ಅದನ್ನು ಅರಸನಿಗೆ ಕಲಿಸಿದ್ದರು.

ಅರಸ ಬೊಮ್ಮಣ್ಣನಾಯಕನಿಗೆ ಹೊಸ ಆನೆ ಬಂದಿತ್ತು. ಅದಕ್ಕೆ ಲಾಯ ಕಟ್ಟಲು ಅವನ ಕಣ್ಣು ಬಿದ್ದದ್ದು ಹೂವಾಡಗಿತ್ತಿ ಚೌಡಮ್ಮನ ಮಲ್ಲಿಗೆ ತೋಟದ ಮೇಲೆ. ಗಂಡನಿಲ್ಲದ ಆ ಹೆಂಗಸಿಗೆ ಇದ್ದದ್ದೇ ಅದೊಂದು. ದರಬಾರಿನವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಅಪ್ರಮೇಯಯ್ಯನವರು ಮಾತ್ರ, ಇದಕ್ಕೆ ಪ್ರಭುಗಳ ಮನಸ್ಸು ಅಳುಕುವುದಿಲ್ಲವೇ ಎಂದು ಕೇಳಿದರು.

"ಅಳುಕು ಅಂದರೇನಯ್ಯ? ನಾನಂತೂ ಕಂಡಿಲ್ಲ" ಎಂದ ನಾಯಕ. "ನಾಳೆ ಗುದ್ದಲಿಪೂಜೆ. ಅಷ್ಟರಲ್ಲಿ ತಂದು ತೋರಿಸು. ತೋರಿಸಿದರೆ ತೋಟ ಅವಳದೇ. ಇಲ್ಲವಾದರೆ ನಿನ್ನ ಸೋಗಲಾಡಿ ಮನೆತನ ಊರು ಬಿಡಬೇಕು."

ಮರುದಿನ ನಾಯಕ ಗುಡಿಯ ಬಾಗಿಲಲ್ಲಿ ಪಾದ ಮುಚ್ಚುವ ತನ್ನ ಜರಿಯ ಚಡಾವು ಬಿಟ್ಟು ಒಳಗೆ ಹೋದ. ಪೂಜೆ ಮುಗಿಸಿ ಬಂದು, ಮೆಟ್ಟಿಕೊಂಡು, ಮೆರವಣಿಗೆಯಲ್ಲಿ ತೋಟದತ್ತ ಹೊರಟ. ಹತ್ತು ಹೆಜ್ಜೆಗೆ ಮುಖ ಹುಳ್ಳಗಾಯಿತು. ಇಪ್ಪತ್ತಕ್ಕೆ ಕುಂಟತೊಡಗಿದ. ಆದರೆ ಪ್ರಜೆಗಳ ಎದುರು ಅರಸ ಬೆನ್ನು ಬಗ್ಗಿಸುವಂತಿಲ್ಲ. ಅದು ಅವನ ಅಜ್ಜನೇ ಮಾಡಿಟ್ಟ ಕಟ್ಟಳೆ.

ಜೊತೆಯಲ್ಲಿ ನಡೆಯುತ್ತಿದ್ದ ಅಪ್ರಮೇಯಯ್ಯನವರು ಏನಾಯಿತೆಂದು ವಿಚಾರಿಸಿದರು. ಏನೋ ಚುಚ್ಚುತ್ತಿದೆ ಎಂದ. ನಮಗೇನೂ ಕಾಣುತ್ತಿಲ್ಲವಲ್ಲ ಎಂದು ಇವರು ವಿನಯದಿಂದ ಹೇಳಿದರು. ಆಸ್ಥಾನದವರೂ ಬಗ್ಗಿ ನೋಡಿ, ಚಡಾವು ಬಹಳ ಚೆನ್ನಾಗಿದೆ ಎಂದರು.

ತೋಟದ ಬೇಲಿಯ ಬಳಿ ನಾಯಕ ತಡೆಯಲಾರದೆ ನೆಲದ ಮೇಲೆ ಕುಳಿತೇಬಿಟ್ಟ. ಚಡಾವು ಕೊಡವಿದ. ಅಕ್ಕಿಕಾಳಿನಷ್ಟು ಕಲ್ಲು ಬಿತ್ತು.

"ಅದೇ ಪ್ರಭು, ಅಳುಕು. ನೋಡುವವರಿಗೆ ಕಾಣದು, ಇದ್ದವರನ್ನು ನೆಟ್ಟಗೆ ನಡೆಯಗೊಡದು."

"ಇದನ್ನು ಹಾಕಿದವರು ಯಾರು?"

"ನಾನು. ಹುಟ್ಟುವಾಗಲೇ ಹಾಕಿ ಕಳಿಸುವುದನ್ನು ದೇವರು ಮರೆತಿದ್ದ."

ನಾಯಕ ಕಲ್ಲನ್ನು ಬೀಸಿ ಎಸೆದ. "ನೋಡು, ಎಸೆದೆ. ಈಗ ಹಾಯಾಗಿದೆ."

"ಹೌದು. ನಿಮ್ಮ ಆಸ್ಥಾನದವರು ಬಹಳ ಹಿಂದೆಯೇ ಎಸೆದಿದ್ದಾರೆ. ಅದಕ್ಕೇ ಒಬ್ಬರೂ ಕುಂಟುವುದಿಲ್ಲ."

ನಾಯಕ ಸುತ್ತ ನೋಡಿದ. ಆಸ್ಥಾನದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಅವನಿಗೆ ನಗು ತಡೆಯಲಾಗಲಿಲ್ಲ. ತೋಟ ಚೌಡಮ್ಮನದೇ ಎಂದು ಅಲ್ಲೇ ಸಾರಿ, ಕೈಯ ಚಿನ್ನದ ಕಡಗ ಬಿಚ್ಚಿ ಇವರತ್ತ ಹಿಡಿದ.

ಅಪ್ರಮೇಯಯ್ಯನವರು ಕೈ ಚಾಚಲಿಲ್ಲ.

"ಕಡಗ ಬೇಡ. ಮೊದಲು ಚೌಡಮ್ಮನ ಕ್ಷಮೆ ಕೇಳಿ. ಆಮೇಲೆ, ಸೋಗಲಾಡಿ ಎಂದದ್ದಕ್ಕೆ, ನನ್ನ ಮನೆತನದ್ದು."