ಹತ್ತು ಲಕ್ಷದ ಮೂರು

ಅಡಿವಯ್ಯ ಎಂಬ ಗುರು ಲೆಕ್ಕದ ಮಠವೊಂದನ್ನು ನಡೆಸುತ್ತಿದ್ದ. ಅಲ್ಲೊಂದು ಪದ್ಧತಿ. ಸುಗ್ಗಿಗೆಂದು ಊರಿಗೆ ಹೊರಟ ಶಿಷ್ಯರಿಗೆಲ್ಲ ಒಂದೊಂದು ದೊಡ್ಡ ಸಂಖ್ಯೆ ಕೊಟ್ಟು ಕಳಿಸುವನು. ಒಂದನ್ನೂ ಆ ಸಂಖ್ಯೆಯನ್ನೂ ಬಿಟ್ಟು, ಬೇರೆ ಯಾವುದರಿಂದ ಅದು ಶೇಷವಿಲ್ಲದೆ ಭಾಗವಾಗುತ್ತದೆ ಎಂದು ಕಂಡುಹಿಡಿಯಬೇಕು. ಮರಳಿ ಬಂದಾಗ ಆ ಭಾಜಕವನ್ನು ಬಾಗಿಲಲ್ಲೇ ನಿಂತು ಹೇಳಿ, ಆಮೇಲೆ ಒಳಗೆ ಕಾಲಿಡಬೇಕು.

ಶಿಷ್ಯರಲ್ಲಿ ನಿಂಬೆವ್ವ ಎಂದರೆ ಅವನಿಗೆ ಪಂಚಪ್ರಾಣ. ತನ್ನ ನಂತರ ಮಠವನ್ನು ಅವಳೇ ನಡೆಸಲಿ ಎಂಬ ಆಸೆ. ಅದಕ್ಕೇ ಬೇಕಂತಲೇ ಅವಳಿಗೆ ಹತ್ತು ಲಕ್ಷದ ಮೂರನ್ನು ಕೊಟ್ಟ. ಅದು ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ. ಭಾಜಕವೇ ಇಲ್ಲವೆಂದು ಅವಳು ಬಂದು ಹೇಳಿದ ದಿನವೇ ಪೀಠ ಬಿಟ್ಟುಕೊಡುವುದೆಂದು ಮನಸ್ಸಿನಲ್ಲೇ ಮಂಡಿಗೆ ತಿಂದ. ಬಾಯಿಬಿಟ್ಟು ಹೇಳಲಿಲ್ಲ, ಪುಣ್ಯಾತ್ಮ.

ನಿಂಬೆವ್ವ ಊರಿಗೆ ಹೋಗಿ ಭಾಗಿಸತೊಡಗಿದಳು. ಏಳರಿಂದ ಭಾಗಿಸಿದರೆ ನಾಲ್ಕು ಉಳಿಯಿತು. ಹನ್ನೊಂದರಿಂದಲೂ ನಾಲ್ಕು, ಹದಿಮೂರರಿಂದಲೂ ನಾಲ್ಕು. ನೂರು ದಾಟಿತು, ಸಾವಿರ ಮುಟ್ಟಿತು. ಅಲ್ಲಿಗೆ ನಿಲ್ಲಿಸಬಹುದಿತ್ತು ಮಕ್ಕಳೇ. ಸಾವಿರವನ್ನು ಸಾವಿರದಿಂದ ಗುಣಿಸಿದರೇ ಹತ್ತು ಲಕ್ಷ ಆಗಿಬಿಡುತ್ತದೆ. ಭಾಜಕವೊಂದು ಇದ್ದಿದ್ದರೆ ಸಾವಿರದೊಳಗೇ ಸಿಗಬೇಕಿತ್ತು. ಇದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಆದರೂ ಗುರುಗಳಾದ ಅಜ್ಜಾರು ಕೇಳಿದ್ದಾರೆಂದ ಮೇಲೆ ಭಾಜಕ ಇದ್ದೇ ಇರುತ್ತದೆ, ತಾನೇ ಎಲ್ಲೋ ತಪ್ಪಿದ್ದೇನೆ ಎಂದುಕೊಂಡು ಮತ್ತೆ ಎರಡರಿಂದ ಶುರುಮಾಡಿದಳು.

ಇತ್ತ ಸುಗ್ಗಿ ಮುಗಿದು ಉಳಿದವರೆಲ್ಲ ಬಂದರು. ಅವಳೊಬ್ಬಳು ಬರಲಿಲ್ಲ. ಯಾರ ಹೆಜ್ಜೆ ಸಪ್ಪಳವಾದರೂ ಅಡಿವಯ್ಯ ಕತ್ತೆತ್ತಿ ನೋಡುತ್ತಿದ್ದ. ಅವಳ ಮರಳಿನ ಹಲಗೆಯ ಮೇಲೆ ಬೇರೆಯವರನ್ನು ಬರೆಯಗೊಡಲಿಲ್ಲ. ಅವಳಿಲ್ಲದ ಪಾಠ ಸಪ್ಪೆ, ಊಟವೂ ಸೇರದು. ಅವಳೂರು ಇದ್ದದ್ದು ಬರೀ ಮೂರು ಹರದಾರಿ ದೂರದಲ್ಲಿ! ಎದ್ದು ಹೋಗಬಾರದಿತ್ತೇ? ಗುರುವೇ ಶಿಷ್ಯೆಯನ್ನು ಹುಡುಕಿಕೊಂಡು ಹೋಗುವುದುಂಟೇ ಎಂಬ ಬಿಗುಮಾನ. ಹೀಗೇ ಒಂಬತ್ತು ವರ್ಷ ಕಳೆದವು.

ಹತ್ತನೆಯ ವರ್ಷ ಜೀವ ತಡೆಯಲಿಲ್ಲ. ಕೋಲೂರಿಕೊಂಡು ಹೊರಟೇಬಿಟ್ಟ. ನಿಂಬೆವ್ವ ಅಂಗಳದಲ್ಲಿ ಕೂತು ಅದೇ ಸಂಖ್ಯೆಯನ್ನು ಭಾಗಿಸುತ್ತಿದ್ದಳು. ಹುಡುಗಿಯಾಗಿ ಹೋದವಳ ಮಡಿಲಲ್ಲಿ ಈಗ ಕೂಸು ಮಲಗಿತ್ತು. ಗುರುವನ್ನು ಕಂಡು ಕೂಸನ್ನು ಪಕ್ಕಕ್ಕೆ ಮಲಗಿಸಿ, ಎದ್ದು ಕಾಲಿಗೆ ಬಿದ್ದಳು. ಭಾಜಕ ಇನ್ನೂ ಸಿಕ್ಕಿಲ್ಲವೆಂದು ತಲೆ ತಗ್ಗಿಸಿದಳು.

“ಅದಕ್ಕ ಭಾಜಕ ಇಲ್ಲವ್ವ. ಇಲ್ಲ ಅಂತ ಹೇಳಾಕ ನೀ ಬರ್ತಿ ಅಂತ ಕಾಯಾಕತ್ತಿದ್ದೆ,” ಎಂದ ಅಡಿವಯ್ಯ.

ನಿಂಬೆವ್ವ ಬಿಕ್ಕಿದಳು. “ಪ್ರತಿ ವರ್ಷಾ ನಿಮ್ಮ ಬಾಗಿಲ ತನಕ ಬರ್ತಿದ್ದೆ ಅಜ್ಜಾರ. ಕೈಯಾಗ ಉತ್ತರ ಇರ್ತಿರಲಿಲ್ಲ. ನಿಮ್ಮ ದನಿ ಕೇಳಿ ಹೊಳ್ಳಿ ಹೋಗ್ತಿದ್ದೆ.”

ಅಡಿವಯ್ಯ ಅವಳ ತಲೆ ಸವರಿದ.

“ಒಂದ ಸಲ ಕರೀಬಾರದಿತ್ತೇನ ತಂಗಿ? ನಾ ಒಳಗ ಇದ್ದೆ,” ಎಂದ.

ನೀತಿ: ಹುಡುಕಿದೆ, ಸಿಗಲಿಲ್ಲ ಎನ್ನುವುದೂ ಉತ್ತರವೇ. ಅಷ್ಟನ್ನೇ ಹಿಡಿದುಕೊಂಡು ನಿಮ್ಮನ್ನು ಪ್ರೀತಿಸುವವರ ಬಳಿಗೆ ಹೋಗಿ. ಇನ್ನು ದೊಡ್ಡವರೇ, ಯಾರಿಗಾಗಿಯಾದರೂ ನಿಮ್ಮ ಜೀವ ಹಾತೊರೆಯುತ್ತಿದ್ದರೆ ಪರೀಕ್ಷೆ ಒಡ್ಡಿ ಕೂರಬೇಡಿ, ಬಾ ಎಂದು ಕರೆಯಿರಿ.