ನೇಕಾರನ ಮಗಳ ಗೆಜ್ಜೆ

ಸರ್ವಮಂಗಳೆಗೆ ಒಂದು ಅಭ್ಯಾಸವಿತ್ತು. ಯಾರೊಡನೆ ಮಾತಾಡುತ್ತಿದ್ದರೂ ನಾಲ್ಕು ಮಾತಿಗೊಮ್ಮೆ ಮಡಿಲಲ್ಲಿ ಕವುಚಿಟ್ಟ ಫೋನನ್ನು ಎತ್ತಿ ನೋಡುವಳು, ಮತ್ತೆ ಕವುಚಿಡುವಳು. ಫೋನಿನಲ್ಲಿ ಒಂದು ಹಸಿರು ಚುಕ್ಕೆ. ಚುಕ್ಕೆ ಇದ್ದಲ್ಲಿ ಮಗಳಿದ್ದಾಳೆ. ಮಗಳು ತನ್ನ ಫೋನಿನಲ್ಲಿ ಏನು ತೆರೆದಳು, ಎಷ್ಟು ಹೊತ್ತು ನೋಡಿದಳು ಎಂಬುದೆಲ್ಲ ಚುಕ್ಕೆಯ ಕೆಳಗೆ ಸಾಲುಸಾಲಾಗಿ ಬರುತ್ತಿತ್ತು.

ಅಂದು ಮಠದ ಜಗಲಿಯಲ್ಲಿ ಗುರುಗಳ ಮುಂದೆ ಕುಳಿತಾಗಲೂ ಅವಳು ಹಾಗೆಯೇ ಎತ್ತಿ ನೋಡಿ, ಕವುಚಿಟ್ಟು, ಕೇಳಿದಳು.

“ಬುದ್ಧಿ, ನಮ್ಮ ಇಂಪನಾಗೆ ಈಗ ಹನ್ನೊಂದು. ಫೋನಿನ ಆಟದಲ್ಲಿ ಯಾರೋ ಅವಳ ಜೊತೆ ಮಾತಾಡುತ್ತಿದ್ದರಂತೆ. ತಾನೂ ಹುಡುಗಿಯೇ ಅಂತ ಹೇಳಿಕೊಂಡು, ‘ನಿಮ್ಮಮ್ಮನಿಗೆ ಹೇಳಬೇಡ’ ಅಂತ ಬರೆದಿದ್ದರಂತೆ. ಇವಳೇ ಬಂದು ಹೇಳಿದಳು. ಭಯದಲ್ಲಿ ಅವಳಿಗೇ ಎರಡೇಟು ಬಿಟ್ಟೆ. ಆಟ ತೆಗೆಸಿದೆ, ಫೋನಿಗೆ ಕಾವಲು ಹಾಕಿಸಿದೆ. ಈಗ ಅವಳು ಏನು ಮಾಡಿದರೂ ನನಗೆ ತಿಳಿಯುತ್ತದೆ. ಆದರೂ ಭಯ ಹೋಗುತ್ತಿಲ್ಲ. ಇನ್ನೂ ಯಾವ ಕಾವಲು ಹಾಕಲಿ?”

“ಆಮೇಲೆ ಮಗು ಹೇಗಿದೆ?”

“ಬಹಳ ಸುಧಾರಿಸಿದ್ದಾಳೆ ಬುದ್ಧಿ. ಒಂದು ತಂಟೆಯಿಲ್ಲ, ತಕರಾರಿಲ್ಲ. ಮನೆಯಲ್ಲಿ ಇದ್ದಾಳೋ ಇಲ್ಲವೋ ಅನ್ನುವ ಹಾಗೆ ಇರುತ್ತಾಳೆ.”

ಗುರುಗಳು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಅವನು, ಒಬ್ಬಳು ಮಗಳು. ನೇಯುವಾಗ ಎಳೆ ಕಡಿದರೆ ನೇಕಾರರ ಗಂಟು ಹಾಕಿಕೊಡುವುದು ಮಗಳ ಕೆಲಸ. ಅವಳ ಬೆರಳು ಸಣ್ಣದು, ಗಂಟು ಇನ್ನೂ ಸಣ್ಣದು. ಬಟ್ಟೆಯ ಮೇಲೆ ಕೈಯಾಡಿಸಿದರೂ ಸಿಗುತ್ತಿರಲಿಲ್ಲ.

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತವನಿಗೆ ಹಿಂದಿರುಗಿ ನೋಡುವ ಪುರಸೊತ್ತಿಲ್ಲ. ನೋಡಿದರೆ ಕೈಯ ಲಯ ತಪ್ಪುತ್ತದೆ. ಅದಕ್ಕೇ ಆ ಕೇರಿಯವರು ಮಕ್ಕಳ ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದರು. ಬೆನ್ನ ಹಿಂದೆ ಗೆಜ್ಜೆ ಕೇಳುತ್ತಿದ್ದರೆ ಮಗು ಮನೆಯಲ್ಲಿದೆ.

ಒಂದು ದಿನ ಮಗಳು ಬಂದು ತಂದೆಯ ಬೆನ್ನಿಗೆ ಒರಗಿದಳು. “ಅಪ್ಪಾ, ಹಿತ್ತಲ ಬಾಗಿಲ ಆಚೆ ಯಾರೋ ಬಂದು ಕೂರುತ್ತಾರೆ. ಅವರಿಗೆ ನನ್ನ ಹೆಸರು ಗೊತ್ತು” ಎಂದಳು.

ನೇಕಾರನಿಗೆ ಹೆದರಿಕೆಯಾಯಿತು. ಹೆದರಿದವನು ಬೈದ. “ಅಲ್ಲಿಗೆ ಹೋಗು ಅಂದವರು ಯಾರು ನಿನಗೆ? ಇನ್ನೊಂದು ಸಲ ಆ ಕಡೆ ತಲೆ ಹಾಕಿದರೆ ಕಾಲು ಮುರೀತೀನಿ!”

ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದ. ಇನ್ನೂ ಎರಡು ಸಾಲು ಗೆಜ್ಜೆ ತಂದು ಮಗಳ ಕಾಲಿಗೆ ನೇಕಾರರ ಗಂಟು ಹಾಕಿ ಬಿಗಿದ. ಈ ಗಂಟು ಹೊರಗಿನವರಿಗೆ ಬಿಚ್ಚಲು ಬಾರದು ಎಂದು ಅವನ ಧೈರ್ಯ. ಅದನ್ನು ಬಲ್ಲವಳು ಮನೆಯೊಳಗೇ ಒಬ್ಬಳಿದ್ದಾಳೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಅಂದಿನಿಂದ ಮಗಳು ಆ ಮಾತು ಎತ್ತಲಿಲ್ಲ. ಬೇರೆ ಮಾತನ್ನೂ ಎತ್ತಲಿಲ್ಲ. ಗೆಜ್ಜೆ ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ನೆರೆಯವನೊಬ್ಬ ಬೀದಿಯಲ್ಲೇ ನಿಂತು ನಕ್ಕ. “ಏನಯ್ಯಾ, ಸಾಕಿರೋದು ಮಗಳನ್ನೋ, ಗಾಡಿ ಎತ್ತನ್ನೋ?”

“ನಗು, ನಗು. ನಿನ್ನ ಮಕ್ಕಳು ಈಗ ಎಲ್ಲಿದ್ದಾರೆ, ಹೇಳು ನೋಡೋಣ” ಎಂದ ನೇಕಾರ. ನೆರೆಯವನು ಮಕ್ಕಳನ್ನು ಕೂಗುತ್ತ ಮನೆ ಕಡೆ ನಡೆದ. ನೇಕಾರನಿಗೆ ತನ್ನ ಮೇಲೆ ತನಗೇ ಮೆಚ್ಚುಗೆಯಾಯಿತು.

ಆಮೇಲೆ ಅವನೊಂದು ಮದುವೆ ಸೀರೆ ಹಿಡಿದ. ಅವಸರದ ಕೆಲಸ. ಊಟವೂ ಮಗ್ಗದ ಮುಂದೆಯೇ. ಗೆಜ್ಜೆ ಬಂದು ಪಕ್ಕದಲ್ಲಿ ತಟ್ಟೆ ಇಟ್ಟು ಹೋಗುತ್ತಿತ್ತು. ಉಂಡಾದ ಮೇಲೆ ಬಂದು ತೆಗೆದುಕೊಂಡು ಹೋಗುತ್ತಿತ್ತು. ಕೆಲವೊಮ್ಮೆ ಹಿತ್ತಲ ಬಾಗಿಲವರೆಗೆ ಹೋಗಿ, ಅಲ್ಲಿ ತುಸು ನಿಂತು, ಮರಳಿ ಬರುತ್ತಿತ್ತು. ನೇಕಾರ ತಿರುಗಿ ನೋಡಲಿಲ್ಲ. ನೋಡುವುದೇಕೆ, ಕೇಳುತ್ತಿದೆಯಲ್ಲ.

ಒಂದು ಮಧ್ಯಾಹ್ನ ಸೆರಗಿನ ಬಳಿ ಎಳೆ ಕಡಿಯಿತು.

“ಬಾರವ್ವ, ಒಂದು ಗಂಟು ಹಾಕು” ಎಂದು ಕರೆದ. ಗೆಜ್ಜೆ ನಡುಮನೆಯಿಂದ ಓಡಿಬಂತು. ಅವನ ಬೆನ್ನ ಹಿಂದೆ ನಿಂತಿತು. ಅವನು ತಲೆ ತಗ್ಗಿಸಿ ಲಾಳಿಗೆ ಹೊಸ ನೂಲು ತುಂಬುತ್ತಿದ್ದ. ತಲೆ ಎತ್ತುವಷ್ಟರಲ್ಲಿ ಎಳೆ ಕೂಡಿತ್ತು. ಗೆಜ್ಜೆ ಹಿಂದಕ್ಕೆ ಹೋಗುತ್ತಿತ್ತು.

ನೇಕಾರ ಎಳೆಯ ಮೇಲೆ ಬೆರಳಾಡಿಸಿದ. ಗಂಟು ಬೆರಳಿಗೆ ಸಿಕ್ಕಿತು. ದಪ್ಪ ಗಂಟು. ಅದು ನೇಕಾರರ ಗಂಟಾಗಿರಲಿಲ್ಲ.

ಎಷ್ಟೋ ದಿನಗಳ ಮೇಲೆ ಅವನು ಹಿಂದಿರುಗಿ ನೋಡಿದ. ಹಿತ್ತಲ ಬಾಗಿಲ ಅಗುಳಿ ಹಾಕಿದಂತೆಯೇ ಇತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಗೆಜ್ಜೆಯ ಸದ್ದು ಮಾತ್ರ ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ನಡೆದಾಡುತ್ತಲೇ ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಮಗು, ಬುದ್ಧಿ? ಮಗು ಸಿಕ್ಕಿತೆ?” ಎಂದಳು ಸರ್ವಮಂಗಳೆ.

“ಎಂದು ಹೋಯಿತು ಎಂಬುದೇ ಅವನಿಗೆ ತಿಳಿಯದು. ಎಲ್ಲಿಂದ ಹುಡುಕಲು ತೊಡಗುತ್ತಾನೆ?”

ಸರ್ವಮಂಗಳೆಯ ಕೈ ತಾನಾಗಿ ಫೋನನ್ನು ಎತ್ತಿತು. ಹಸಿರು ಚುಕ್ಕೆ ಮನೆಯಲ್ಲೇ ಇತ್ತು. ಅದರ ಕೆಳಗೆ ಒಂದೇ ಸಾಲು: ವಿಜ್ಞಾನದ ಪಾಠ, ನಲವತ್ತು ನಿಮಿಷ. ನಿನ್ನೆಯೂ ಇದೇ ಹೊತ್ತಿಗೆ ಅದೇ ಪಾಠ, ಅದೇ ನಲವತ್ತು ನಿಮಿಷ. ಮೊನ್ನೆಯೂ ಅದೇ. ಅವಳು ಅದನ್ನೇ ನೋಡುತ್ತ ಕುಳಿತಳು. ಈ ಸಲ ಫೋನನ್ನು ಕವುಚಿಡಲಿಲ್ಲ.

ಗುರುಗಳು ಮೆಲ್ಲಗೆ ಹೇಳಿದರು: “ಫೋನಿನ ವಿಷಯ ಸಾಕು ತಾಯಿ, ಇಂಪನಾ ತಾನಾಗಿ ಬಂದು ನಿನಗೆ ಕಡೆಯ ಸಲ ಹೇಳಿದ ಮಾತು ಯಾವುದು, ಅದೊಂದನ್ನು ಹೇಳು.”